ಗಡಿ ಕಾಯಲಿ, ಅನುಮಾನ ಯಾರ ಮೇಲೆ?

ಓದುಗರ ಪತ್ರ: ಅಮೆರಿಕದ ಭದ್ರತೆ, ವಲಸೆ, ಜನಾಂಗೀಯ ತಾರತಮ್ಯದ ಬಗ್ಗೆ ರಾಜಕೀಯ ವಿಜ್ಞಾನಿಯೊಬ್ಬರ ಸಂಶೋಧನೆಯನ್ನು ಕಳೆದ ಸಂಚಿಕೆಯಲ್ಲಿ ಪರಿಚಯಿಸಿದ್ದೀರಿ. ಗಡಿ ಕಾಯುವುದು ಯಾವುದೇ ದೇಶದ ಹಕ್ಕು. ಅದರಲ್ಲಿ ಸುಮ್ನೆ ಬಣ್ಣದ ಮಾತು ಯಾಕೆ? ಕಾಗದಪತ್ರ ಸರಿಯಿದ್ದವರಿಗೆ ಭಯವೇನು?

ಸಂಪಾದಕರ ಉತ್ತರ: ಪತ್ರ ಖಾರವಾಗಿದೆ, ಇರಲಿ. ಗಡಿ ಕಾಯಬಾರದು ಅಂತ ಆ ಲೇಖನ ಎಲ್ಲೂ ಹೇಳಿಲ್ಲ. ಕಾಯುವವರ ಕಣ್ಣು ಮೊದಲು ಯಾರ ಮೇಲೆ ಬೀಳುತ್ತದೆ ಅನ್ನುವುದೇ ಅಲ್ಲಿನ ಪ್ರಶ್ನೆ.

1973ರ ಮಾರ್ಚ್‌ನ ಒಂದು ರಾತ್ರಿ. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆ ಬಳಿಯ ತಪಾಸಣಾ ಠಾಣೆ ಹವಾಮಾನ ಕೆಟ್ಟು ಮುಚ್ಚಿತ್ತು. ಗಡಿ ಗಸ್ತಿನ ಇಬ್ಬರು ಹೆದ್ದಾರಿ ಪಕ್ಕ ಗಾಡಿ ನಿಲ್ಲಿಸಿ, ಹೆಡ್‌ಲೈಟ್ ಬೆಳಕಿನಲ್ಲಿ ಹೋಗುವ ಕಾರುಗಳನ್ನು ನೋಡುತ್ತಿದ್ದರು. ಒಂದು ಕಾರನ್ನು ಬೆನ್ನಟ್ಟಿ ತಡೆದರು. ಕಾರಣ? ಒಳಗಿದ್ದ ಮೂವರು ಮೆಕ್ಸಿಕೋದವರಂತೆ ಕಂಡರು, ಅಷ್ಟೇ. ಚಾಲಕನನ್ನು ಬಿಟ್ಟು ಉಳಿದ ಇಬ್ಬರು ಅಕ್ರಮವಾಗಿ ಬಂದವರೇ ಆಗಿದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಆದರೂ 1975ರಲ್ಲಿ ಸುಪ್ರೀಂ ಕೋರ್ಟ್, ಮುಖ ನೋಡಿ ಮಾತ್ರ ಕಾರು ತಡೆಯುವಂತಿಲ್ಲ ಎಂದಿತು. ಜೊತೆಗೇ, ಬೇರೆ ಕಾರಣಗಳಿದ್ದರೆ ಮುಖಚಹರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದೂ ಹೇಳಿತು. ಅಮೆರಿಕದಲ್ಲೇ ಹುಟ್ಟಿದವರಿಗೂ ಅದೇ ಮುಖ ಇರುತ್ತದೆ, ಅಲ್ವಾ?

ವಲಸೆಯ ಕಡತ ಯಾವ ಇಲಾಖೆಯಲ್ಲಿತ್ತು ಅಂತಲೂ ನೋಡಿ. 1891ರಲ್ಲಿ ಖಜಾನೆ, 1913ರಲ್ಲಿ ಕಾರ್ಮಿಕ ಇಲಾಖೆ, 1940ರಲ್ಲಿ ಯುದ್ಧದ ಆತಂಕದ ನಡುವೆ ನ್ಯಾಯ ಇಲಾಖೆ, 2003ರಲ್ಲಿ ಹೊಸದಾಗಿ ಹುಟ್ಟಿದ ಆಂತರಿಕ ಭದ್ರತಾ ಇಲಾಖೆ. ಅಂದರೆ ಹಣ, ದುಡಿಮೆಯ ವಿಷಯವಾಗಿದ್ದದ್ದು ಬರಬರುತ್ತಾ ಭದ್ರತೆಯ ವಿಷಯವಾಯಿತು. ಯಾವುದನ್ನಾದರೂ 'ಅಪಾಯ' ಅಂತ ಕರೆದುಬಿಟ್ಟರೆ ಮಾಮೂಲಿ ನಿಯಮಗಳನ್ನು ಬದಿಗಿಡುವುದು ಸಲೀಸು ಎಂದು ಓಲೆ ವೇವರ್, ಬ್ಯಾರಿ ಬುಜಾನ್ ಥರದ ವಿದ್ವಾಂಸರು ವಾದಿಸಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ.

ಇನ್ನು ಕಾಗದಪತ್ರದ ಮಾತು. 1942ರಲ್ಲಿ, ಜಪಾನ್ ವಿರುದ್ಧದ ಯುದ್ಧದ ನಡುವೆ, ಅಮೆರಿಕ ಸರ್ಕಾರ ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಿಗೆ ದೂಡಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ! ಅದಕ್ಕಿಂತ ಒಳ್ಳೆಯ ಕಾಗದ ಯಾವುದಿದೆ?

ಹತ್ತಿರದ ಉದಾಹರಣೆಯೂ ಇದೆ. 2001ರ ಸೆಪ್ಟೆಂಬರ್‌ನ ಭಯೋತ್ಪಾದಕ ದಾಳಿಯ ನಂತರ, 2002-03ರಲ್ಲಿ, 25 ದೇಶಗಳಿಂದ ತಾತ್ಕಾಲಿಕ ವೀಸಾದಲ್ಲಿ ಬಂದಿದ್ದ, 16 ತುಂಬಿದ ಗಂಡಸರಿಗೆ ವಲಸೆ ಕಚೇರಿಗೆ ಬಂದು ಹೆಸರು ಬರೆಸಿ ಅಂತ ಆದೇಶ ಹೊರಟಿತು. ಹೆಚ್ಚುಕಮ್ಮಿ ಎಲ್ಲವೂ ಮುಸ್ಲಿಮರು ಜಾಸ್ತಿ ಇರುವ ದೇಶಗಳು. 80 ಸಾವಿರಕ್ಕೂ ಹೆಚ್ಚು ಜನ ತಾವಾಗಿ ಹೋಗಿ ಬೆರಳಚ್ಚು ಕೊಟ್ಟರು, ಫೋಟೊ ತೆಗೆಸಿಕೊಂಡರು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಕದ್ದು ಓಡಾಡುವವನು ಹೀಗೆ ಸರದಿಯಲ್ಲಿ ನಿಲ್ಲುತ್ತಾನಾ? ಅವರಲ್ಲಿ 13 ಸಾವಿರಕ್ಕೂ ಜಾಸ್ತಿ ಜನರ ಮೇಲೆ ಗಡೀಪಾರು ಪ್ರಕ್ರಿಯೆ ಶುರುವಾಯಿತು. ಭಯೋತ್ಪಾದನೆಯ ಕೇಸಿನಲ್ಲಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. 2016ರ ಡಿಸೆಂಬರ್‌ನಲ್ಲಿ ಆ ನಿಯಮವನ್ನೇ ಸರ್ಕಾರ ತೆಗೆದುಹಾಕಿತು.