ಪಾರ್ಕಿನ್ಸನ್ಸ್ ಇರುವ ಅಮ್ಮನಿಗೆ ಕಣ್ಣು ಒಣಗಿ ಉರಿಯುತ್ತದೆ, ಯಾವ ಡ್ರಾಪ್ಸ್ ಒಳ್ಳೆಯದು?

ಅಮ್ಮ ಕಣ್ಣಲ್ಲಿ ಮರಳು ಬಿದ್ದ ಹಾಗಿದೆ ಅನ್ನುತ್ತಾರೆ ಅಂತ ಬರೆದಿದ್ದೀರಲ್ಲ, ನಮ್ಮಪ್ಪ ಹೇಳುತ್ತಿದ್ದದ್ದೂ ಅದೇ ಮಾತು. ಅವರಿಗಿರುವುದು ಪಾರ್ಕಿನ್ಸನ್ಸ್‌ನ ದಾಯಾದಿ, ಪಿಎಸ್‌ಪಿ. ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ, ಅದೂ ಮೆದುಳಿನ ಕಾಯಿಲೆಯೇ. ಆ ಹೆಸರು ನಾಲಿಗೆಗೆ ಹತ್ತುವಷ್ಟರಲ್ಲಿ ನಾನು ಮಾಡಬಾರದ್ದನ್ನು ಮಾಡಿ ಮುಗಿಸಿದ್ದೆ.

ಡಾಕ್ಟರು ಕೃತಕ ಕಣ್ಣೀರಿನ ಬಾಟಲಿ ಬರೆದುಕೊಟ್ಟು ದಿನಕ್ಕೆ ನಾಲ್ಕು ಸಲ ಹಾಕಿ ಅಂದಿದ್ದರು. ಹಾಕಿದರೆ ಅಪ್ಪನಿಗೆ ಹತ್ತು ನಿಮಿಷ ಹಾಯೆನಿಸುತ್ತಿತ್ತು, ಆಮೇಲೆ ಮತ್ತೆ ಉರಿ. ಕಣ್ಣೀರೇ ತಾನೆ, ಹೆಚ್ಚಾದರೆ ಏನಾಗುತ್ತೆ ಅಂತ ಮೊಬೈಲಿನಲ್ಲಿ ಗಂಟೆಗೊಂದು ಅಲಾರಂ ಇಟ್ಟೆ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ, ತಪ್ಪದೆ. ಎರಡು ವಾರಕ್ಕೆ ಕಣ್ಣು ಕೆಂಡದಂತಾಯಿತು. ಕಾಯಿಲೆ ಜಾಸ್ತಿಯಾಗುತ್ತಿದೆ ಅಂದುಕೊಂಡು ಅರ್ಧ ಗಂಟೆಗೊಮ್ಮೆ ಹಾಕತೊಡಗಿದೆ. ಬಾಟಲಿ ಕಂಡರೆ ಅಪ್ಪ ಮುಖ ತಿರುಗಿಸುತ್ತಿದ್ದರು. ಅವರ ಒಳ್ಳೆಯದಕ್ಕೇ ಅಂತ ಗದರಿದ್ದೂ ಇದೆ.

ತಪ್ಪು ಬಾಟಲಿಯ ಮೈಮೇಲೇ ಸಣ್ಣಕ್ಷರದಲ್ಲಿತ್ತು. ಬೆಂಜಾಲ್ಕೋನಿಯಮ್ ಕ್ಲೋರೈಡ್. ತೆರೆದ ಬಾಟಲಿಯಲ್ಲಿ ಕ್ರಿಮಿ ಬೆಳೆಯದಂತೆ ಸೇರಿಸುವ ಪ್ರಿಸರ್ವೇಟಿವ್. ಸ್ವಭಾವದಲ್ಲಿ ಅದು ಸೋಪಿನ ಜಾತಿ. ಕಣ್ಣೀರಿನ ಮೇಲೆ ತೆಳ್ಳಗೆ ಎಣ್ಣೆಪದರ ಇರುತ್ತದಲ್ಲ, ಕಣ್ಣೀರು ಆರದಂತೆ ತಡೆಯುವುದು ಅದೇ. ಈ ರಾಸಾಯನಿಕ ಆ ಪದರವನ್ನು ಒಡೆಯುತ್ತದೆ, ಕಾರ್ನಿಯಾದ, ಅಂದರೆ ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪದರದ, ಮೇಲಿನ ಜೀವಕೋಶಗಳನ್ನೂ ಕೆಡಿಸುತ್ತದೆ. ದಿನಕ್ಕೆ ಮೂರು ನಾಲ್ಕು ಸಲವಾದರೆ ಹೆಚ್ಚಿನವರ ಕಣ್ಣು ತಡೆದುಕೊಳ್ಳುತ್ತದೆ. ಆದರೆ ಪಾರ್ಕಿನ್ಸನ್ಸ್, ಪಿಎಸ್‌ಪಿ ಎರಡರಲ್ಲೂ ರೆಪ್ಪೆ ಬಡಿಯುವುದೇ ಕಡಿಮೆಯಾಗುತ್ತದೆ, ಅಂಥ ಕಣ್ಣಲ್ಲಿ ಅದು ತೊಳೆದುಹೋಗದೆ ಅಲ್ಲೇ ಕೂರುತ್ತದೆ. ನಾನು ಹಾಕುತ್ತಿದ್ದದ್ದು ಹದಿನಾರು ಸಲ, ಕೊನೆಗೆ ಮೂವತ್ತು. ಕಣ್ಣಿನ ಡಾಕ್ಟರು ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟಾಗ ಕಾರ್ನಿಯಾದ ಕೆಳಭಾಗದ ತುಂಬ ಹಸಿರು ಚುಕ್ಕಿಗಳು. ಒಂದೊಂದೂ ಗಾಯ. ಅದರಲ್ಲಿ ಕಾಯಿಲೆಯದೆಷ್ಟು, ನನ್ನದೆಷ್ಟು ಅಂತ ನಾನು ಕೇಳಲಿಲ್ಲ.

ಆದ್ದರಿಂದ ಯಾವ ಕಂಪನಿಯ ಡ್ರಾಪ್ಸ್ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೊದಲು ಅಮ್ಮ ಟಿವಿ ನೋಡುವಾಗ ಅವರಿಗೆ ಗೊತ್ತಾಗದಂತೆ ಒಂದು ನಿಮಿಷ ರೆಪ್ಪೆ ಬಡಿಯುವುದನ್ನು ಎಣಿಸಿ. ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಸಲ ಬಡಿಯಬೇಕು. ನಮ್ಮಪ್ಪನದು 4. ಕಣ್ಣನ್ನು ರೆಪ್ಪೆ ಕಾದಂತೆ ಅಂತೀವಲ್ಲ, ಆ ಕಾವಲೇ ರಜೆಯ ಮೇಲಿದೆ. ರಾತ್ರಿ ಮಲಗಿದ ಮೇಲೂ ಒಮ್ಮೆ ನೋಡಿ, ರೆಪ್ಪೆ ಪೂರ್ತಿ ಕೂಡುತ್ತದೆಯೇ? ಅಪ್ಪನ ಕಣ್ಣಲ್ಲಿ ಬಿಳಿ ಗೆರೆಯೊಂದು ಕಾಣುತ್ತಿತ್ತು. ರಾತ್ರಿಯಿಡೀ ಫ್ಯಾನಿನ ಗಾಳಿ ನೇರ ಅಲ್ಲಿಗೇ.

ಈಗ ಪ್ರಿಸರ್ವೇಟಿವ್ ಇಲ್ಲದ, ಒಂದೇ ಬಳಕೆಯ ಪುಟ್ಟ ಟ್ಯೂಬುಗಳನ್ನು ಬಳಸುತ್ತೇವೆ. ಇದನ್ನು ಎಷ್ಟು ಬೇಕೋ ಅಷ್ಟು ಸಲ ಹಾಕಬಹುದು ಅಂದಿದ್ದಾರೆ. ದುಬಾರಿ ಅಂತ ತೆರೆದದ್ದನ್ನು ನಾಳೆಗೆ ಎತ್ತಿಡಬೇಡಿ. ರಾತ್ರಿಗೆ ಕಣ್ಣಿನ ಮುಲಾಮು. ಹಚ್ಚಿದ ಮೇಲೆ ಕಣ್ಣು ಮಂಜಾಗುತ್ತದೆ, ಎದ್ದರೆ ಬೀಳುತ್ತಾರೆ. ಬಾತ್‌ರೂಮಿಗೆ ಹೋಗಿಬಂದು ಮಲಗಿದ ಮೇಲೇ ಹಚ್ಚಿ. ಕೆಂಪು ಹೋಗಲಾಡಿಸುವ ಡ್ರಾಪ್ಸ್ ಮನೆಗೇ ತರಬೇಡಿ, ಅದು ರಕ್ತನಾಳ ಬಿಗಿದು ಕೆಂಪನ್ನು ಮುಚ್ಚಿಡುತ್ತದೆ ಅಷ್ಟೆ, ಬಿಟ್ಟ ಮೇಲೆ ಮತ್ತಷ್ಟು ಕೆಂಪಾಗಬಹುದು. ಕಣ್ಣಲ್ಲಿ ನೀರು ಸುರಿಯುತ್ತಿದೆ, ಒಣಗಿರುವುದು ಹೇಗೆ ಅಂತ ಮನೆಯವರು ಯಾರಾದರೂ ವಾದಿಸಿದರೆ ನಂಬಬೇಡಿ. ಒಣಗಿ ಉರಿದಾಗಲೇ ಹಾಗೆ ಸುರಿಯುವುದು.

ಇನ್ನೊಂದು, ಅಮ್ಮನ ಮಾತ್ರೆಗಳ ಪಟ್ಟಿ ನೋಡಿ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ನಿದ್ದೆಗೋ ಜೊಲ್ಲಿಗೋ ಕೊಡುವ ಅಮಿಟ್ರಿಪ್ಟಿಲಿನ್, ಇವೆರಡೂ ಬಾಯಿ, ಕಣ್ಣು ಎರಡನ್ನೂ ಒಣಗಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ನ್ಯೂರೋ ಡಾಕ್ಟರನ್ನು ಕೇಳಿ. ನಾವು ಕೇಳಿದಾಗ ಅಪ್ಪನದೊಂದು ಮಾತ್ರೆ ಕಡಿಮೆಯಾಯಿತು. ಕಣ್ಣೀರು ಇಳಿದುಹೋಗುವ ರಂಧ್ರಕ್ಕೆ ಪುಟ್ಟ ಬಿರಡೆ ಇಡುವ ಚಿಕಿತ್ಸೆಯೂ ಇದೆ. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಬೆಳಕು ನೋಡಲಾಗದಷ್ಟು ನೋವು ಬಂದರೆ, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕಿ ಕಂಡರೆ, ದೃಷ್ಟಿ ಇದ್ದಕ್ಕಿದ್ದಂತೆ ಮಂಜಾದರೆ ಅವತ್ತೇ ಕಣ್ಣಿನ ಡಾಕ್ಟರ ಬಳಿ ಓಡಿ.

ಮನೆಯಲ್ಲಿ ಈಗಿನ ಪದ್ಧತಿ ಅಂದರೆ ಟಿವಿಯಲ್ಲಿ ಜಾಹೀರಾತು ಬಂದಾಗಲೆಲ್ಲ "ಅಪ್ಪಾ, ಕಣ್ಣು ಮುಚ್ಚಿ" ಅನ್ನುವುದು. ಹೇಳಿದರೆ ಮುಚ್ಚುತ್ತಾರೆ, ತಾನಾಗಿ ಆಗುವುದಿಲ್ಲ ಅಷ್ಟೆ. ಎಷ್ಟೋ ಸಲ ಜಾಹೀರಾತು ಮುಗಿಯುವಷ್ಟರಲ್ಲಿ ಗೊರಕೆ ಶುರುವಾಗಿರುತ್ತದೆ.