ದಾಸ್ತೋವ್‌ಸ್ಕಿ ಮಾಡಿದ ಪೋಸ್ಟ್‌ಮಾಸ್ಟರ್ ಪಾತ್ರ

ಪ್ರಶ್ನೆ: ನಮ್ಮ ಹವ್ಯಾಸಿ ತಂಡ ಗೊಗೋಲನ ‘ಇನ್ಸ್‌ಪೆಕ್ಟರ್ ಜನರಲ್’ ನಾಟಕವನ್ನು ಆಡಲಿದೆ. ಕಾದಂಬರಿಕಾರ ದಾಸ್ತೋವ್‌ಸ್ಕಿ ಒಮ್ಮೆ ಇದೇ ನಾಟಕದಲ್ಲಿ ಪಾತ್ರ ವಹಿಸಿದ್ದರಂತೆ. ಇದು ನಿಜವೇ?

ಉತ್ತರ: ನಿಜ. ಅಂದಿನ ರಷ್ಯದ ಪಂಚಾಂಗದಂತೆ 1860ರ ಏಪ್ರಿಲ್ 14ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಡೆದ ಆ ಪ್ರಯೋಗದಲ್ಲಿ ಬಣ್ಣ ಹಚ್ಚಿದವರಲ್ಲಿ ಹೆಚ್ಚಿನವರು ಲೇಖಕರೇ. ಕಷ್ಟದಲ್ಲಿರುವ ಬರಹಗಾರರಿಗೂ ವಿದ್ವಾಂಸರಿಗೂ ನೆರವಾಗಲೆಂದು ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಸಾಹಿತ್ಯ ನಿಧಿಗೆ ಹಣ ಕೂಡಿಸುವುದು ಅದರ ಉದ್ದೇಶವಾಗಿತ್ತು. ಕಾದಂಬರಿಕಾರ ಪೀಸೆಮ್‌ಸ್ಕಿ ನಗರಾಧಿಕಾರಿಯಾದರು. ಊರವರೆಲ್ಲ ಮೇಲಧಿಕಾರಿಯೆಂದು ತಪ್ಪಾಗಿ ತಿಳಿಯುವ ಖ್ಲೆಸ್ತಕೋವ್‌ನ ಪಾತ್ರವನ್ನು ಕವಿ, ಅನುವಾದಕ ವೈನ್‌ಬರ್ಗ್ ಮಾಡಿದರು. ನಾಲ್ಕನೆಯ ಅಂಕದಲ್ಲಿ ದೂರು ಕೊಡಲು ಬರುವ ವರ್ತಕರ ಗುಂಪಿನಲ್ಲಿ ಹೆಸರಾಂತ ಕಾದಂಬರಿಕಾರ ತುರ್ಗೆನೆವ್ ಅವರಂಥವರೇ ಸಕ್ಕರೆಯ ಅಚ್ಚನ್ನು ಹಿಡಿದು ನಿಂತಿದ್ದರೆಂದರೆ ಸಭಾಂಗಣದಲ್ಲಿ ಎದ್ದ ಗದ್ದಲವನ್ನು ನೀವೇ ಊಹಿಸಬಹುದು.

ದಾಸ್ತೋವ್‌ಸ್ಕಿಯವರಿಗೆ ಬಂದದ್ದು ಪೋಸ್ಟ್‌ಮಾಸ್ಟರ್ ಶ್ಪೇಕಿನ್‌ನ ಪಾತ್ರ. ಅವರು ಅದನ್ನು ಬಹಳ ಸಂತೋಷದಿಂದ ಒಪ್ಪಿಕೊಂಡರು. ಈ ಶ್ಪೇಕಿನ್ ಲೋಕದಲ್ಲಿ ಏನು ನಡೆಯುತ್ತಿದೆಯೆಂಬ ಕುತೂಹಲವೊಂದರಿಂದಲೇ ಪರರ ಕಾಗದಗಳನ್ನು ಒಡೆದು ಓದುವವನು, ಹಿಡಿಸಿದ ಕಾಗದವನ್ನು ತನ್ನಲ್ಲೇ ಇಟ್ಟುಕೊಳ್ಳುವವನು. ಇಲ್ಲಿ ನನ್ನನ್ನು ಬಹಳವಾಗಿ ಕಾಡುವ ಸಂಗತಿಯೊಂದಿದೆ. 1849ರ ಏಪ್ರಿಲ್‌ನಲ್ಲಿ ದಾಸ್ತೋವ್‌ಸ್ಕಿ ಬಂಧಿತರಾದಾಗ ಅವರ ಮೇಲಿದ್ದ ಮುಖ್ಯ ಆರೋಪ, ವಿಮರ್ಶಕ ಬೆಲಿನ್‌ಸ್ಕಿ ಇದೇ ಗೊಗೋಲನಿಗೆ ಬರೆದಿದ್ದ ನಿಷೇಧಿತ ಪತ್ರವನ್ನು ಗೆಳೆಯರ ಕೂಟದಲ್ಲಿ ಗಟ್ಟಿಯಾಗಿ ಓದಿದರೆಂಬುದು. ಮರಣದಂಡನೆ ಕೊನೆಯ ಗಳಿಗೆಯಲ್ಲಿ ತಪ್ಪಿ, ಓಮ್ಸ್ಕ್‌ನ ಸೆರೆಮನೆಯಲ್ಲಿ ನಾಲ್ಕು ವರ್ಷ ಕಠಿಣ ಶಿಕ್ಷೆಯನ್ನೂ ಬಳಿಕ ಸೈಬೀರಿಯದಲ್ಲೇ ಸೈನಿಕ ಸೇವೆಯನ್ನೂ ಮುಗಿಸಿ ಅವರು ರಾಜಧಾನಿಗೆ ಮರಳಿದ್ದು 1859ರ ಕೊನೆಯಲ್ಲಿ. ಅದಾದ ಕೆಲವೇ ತಿಂಗಳುಗಳಲ್ಲಿ ಅವರು ಗೊಗೋಲನ ನಾಟಕದಲ್ಲಿ ಪರರ ಪತ್ರವನ್ನು ಒಡೆದು, ಎಲ್ಲರ ಮುಂದೆ ಓದುವವನಾಗಿ ರಂಗದ ಮೇಲೆ ನಿಂತಿದ್ದರು. ಅದನ್ನು ಬಲ್ಲ ಯಾರೊಬ್ಬರೂ ಆ ದೃಶ್ಯವನ್ನು ಬರಿಯ ನಗೆಯಿಂದ ನೋಡಲಾರರು.

ಹಾಗಾಗಿ ಚಿಕ್ಕ ಪಾತ್ರವೆಂದು ಶ್ಪೇಕಿನ್‌ನನ್ನು ಹೊಸಬರಿಗೆ ಬಿಟ್ಟುಕೊಡಬೇಡಿರೆಂದು ನಿಮ್ಮ ತಂಡಕ್ಕೆ ನನ್ನ ವಿನಂತಿ. ಐದನೆಯ ಅಂಕದಲ್ಲಿ ನಗರಾಧಿಕಾರಿಯ ಮನೆಯ ಸಂಭ್ರಮದ ನಡುವೆ ಅವನು ಖ್ಲೆಸ್ತಕೋವ್‌ನ ಕಾಗದ ಹಿಡಿದು ಬಂದ ಮೇಲೆಯೇ ಊರವರಿಗೆ ತಾವು ಮೋಸಹೋದದ್ದು ತಿಳಿಯುವುದು. ನಗರಾಧಿಕಾರಿಯನ್ನು ಹಳಿದಿರುವ ಸಾಲುಗಳನ್ನು ಉತ್ಸಾಹದಿಂದ ಓದುವವನು ತನ್ನ ಹೆಸರು ಬಂದೊಡನೆ ತಡವರಿಸುತ್ತಾನೆ. ಆ ತಡವರಿಕೆಗೆ ಎಷ್ಟು ಹೊತ್ತು ಕೊಡಬೇಕೆಂಬುದನ್ನು ತಾಲೀಮಿನಲ್ಲಿ ಸಾವಧಾನವಾಗಿ ಹುಡುಕಿಕೊಳ್ಳಿ.