ಹೆರಿಗೆಗೆ ರಜೆ ಕೇಳಿದರೆ ರಾಜೀನಾಮೆ ಕೊಡು ಅಂತಾರೆ

ಪ್ರಶ್ನೆ: ಅಕ್ಕಾ, ನಮಸ್ಕಾರ. ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಒಂದು ಸೀರೆ ಅಂಗಡಿಯಲ್ಲಿ ಮೂರು ವರ್ಷದಿಂದ ಕೆಲಸಕ್ಕಿದ್ದೇನೆ. ಒಟ್ಟು 14 ಜನ ಇದ್ದೇವೆ. ನನಗೀಗ ಏಳು ತಿಂಗಳು, ಮೊದಲನೇ ಹೆರಿಗೆ. ಮುಂದಿನ ವಾರ ಕುಬಸ, ಆಮೇಲೆ ಬೆಟಗೇರಿಯ ತವರಿಗೆ ಹೋಗಬೇಕು. ರಜೆ ಕೇಳಿದ್ದಕ್ಕೆ ಮಾಲಕರು, 'ರಾಜೀನಾಮೆ ಬರೆದುಕೊಟ್ಟು ಹೋಗು, ಬಾಣಂತನ ಮುಗಿದ ಮೇಲೆ ನೋಡೋಣ' ಅಂದರು. ನೇಮಕಾತಿ ಪತ್ರ ಕೊಟ್ಟಿಲ್ಲ. ದಿನವಿಡೀ ನಿಂತೇ ಸೀರೆ ತೋರಿಸಬೇಕು, ಸಂಜೆಗೆ ಕಾಲು ಬಾತಿರುತ್ತವೆ. ಏನು ಮಾಡಲಿ?

ಉತ್ತರ: ತಂಗಿ, ರಾಜೀನಾಮೆಗೆ ಸಹಿ ಹಾಕಬೇಡ. ಖಾಲಿ ಹಾಳೆಗೂ ಬೇಡ. ಒಮ್ಮೆ ಸಹಿ ಬಿತ್ತು ಅಂದರೆ ತಾನಾಗೇ ಬಿಟ್ಟು ಹೋದಳು ಅಂತಾರೆ, ಆಮೇಲೆ ಅದು ಸುಳ್ಳು ಅಂತ ತೋರಿಸೋ ಹೊಣೆ ನಿನ್ನ ತಲೆಗೆ ಬರುತ್ತೆ.

ಹತ್ತು ಜನ ಇರೋ ಅಂಗಡಿಗೂ ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸುತ್ತೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ಸಂಬಳದ ಜೊತೆ 26 ವಾರ ರಜೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತಗೋಬಹುದು. 1961ರ ಕಾಯ್ದೆಯಲ್ಲಿ 12 ವಾರ ಇದ್ದದ್ದನ್ನು 2017ರಲ್ಲಿ ಹೆಚ್ಚಿಸಿದರು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಷ್ಟೇ ಇದೆ. ಈ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ.

ಇವತ್ತೇ ಒಂದು ಬಿಳಿ ಹಾಳೆ ತಗೊಂಡು, ಯಾವ ತಾರೀಖಿನಿಂದ ರಜೆ ಬೇಕು ಅಂತ ಬರೆ, ಡಾಕ್ಟರ್ ಕೊಟ್ಟ ಹೆರಿಗೆ ದಿನಾಂಕದ ಚೀಟಿಯ ಜೆರಾಕ್ಸ್ ಲಗತ್ತಿಸು. ಎರಡು ಪ್ರತಿ ಮಾಡು, ನಿನ್ನ ಪ್ರತಿಯ ಮೇಲೆ 'ತಲುಪಿದೆ' ಅಂತ ಸಹಿ, ತಾರೀಖು ಹಾಕಿಸಿಕೋ. ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೋ. ನೇಮಕಾತಿ ಪತ್ರ ಇಲ್ಲ ಅಂತ ಹೆದರಬೇಡ. ಸಂಬಳ ಜಮಾ ಆದ ಬ್ಯಾಂಕ್ ಮೆಸೇಜು, ಹಾಜರಿ ಪುಸ್ತಕದ ಫೋಟೋ, 'ನಾಳೆ ಬೇಗ ಬಾ' ಅಂತ ಅಂಗಡಿಯಿಂದ ಬಂದ ವಾಟ್ಸ್ಆ್ಯಪ್, ಇವೆಲ್ಲ ಸಾಕ್ಷಿನೇ ಅಲ್ವಾ?

ಸಂಬಳ 21 ಸಾವಿರದೊಳಗಿದ್ದು ಇಎಸ್ಐ (ಕೆಲಸಗಾರರ ಸರ್ಕಾರಿ ವಿಮೆ) ಕಟ್ತಿದ್ದರೆ ಇನ್ನೂ ಸುಲಭ. ಆಗ ಹೆರಿಗೆ ಹಣ ಬರೋದು ಇಎಸ್ಐನಿಂದ, ಮಾಲಕರ ಗಲ್ಲಾದಿಂದಲ್ಲ. ಇದನ್ನು ಅವರಿಗೇ ಸಮಾಧಾನವಾಗಿ ಹೇಳಿ ನೋಡು, ಎಷ್ಟೋ ಜನರಿಗೆ ಇದು ಗೊತ್ತೇ ಇರಲ್ಲ. ಇಎಸ್ಐ ಇಲ್ಲದಿದ್ದರೆ ಅವರೇ ಕೊಡಬೇಕು: ಹೆರಿಗೆಗೆ ಮುಂಚಿನ ಭಾಗ ಮುಂಗಡ, ಉಳಿದದ್ದು ಮಗು ಹುಟ್ಟಿದ ದಾಖಲೆ ಕೊಟ್ಟ 48 ಗಂಟೆಯೊಳಗೆ.

ಕಾಲು ಬಾವಿನ ಮಾತು ಓದಿ ಸಂಕಟ ಆಯಿತು. ಹೆರಿಗೆ ಹತ್ತಿರ ಬಂದಾಗ, ನೀನು ಕೇಳಿಕೊಂಡರೆ, ಬಹಳ ಹೊತ್ತು ನಿಲ್ಲೋ ಕೆಲಸ ಕೊಡುವಂತಿಲ್ಲ ಅಂತಲೂ ಕಾನೂನಲ್ಲಿದೆ. ಅದನ್ನೂ ಅದೇ ಅರ್ಜಿಯಲ್ಲಿ ಬರೆ. ಬಾವು ಜಾಸ್ತಿಯಾದರೆ ಡಾಕ್ಟರಿಗೆ ತೋರಿಸು, ಬಿಪಿ ನೋಡಿಸು, ಕುಬಸ ಮುಗೀಲಿ ಅಂತ ಕಾಯಬೇಡ.

ಇಷ್ಟಾದರೂ ಕೆಲಸದಿಂದ ತೆಗೆದರೆ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಹುಬ್ಬಳ್ಳಿಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗು. ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟು ಅಂತ ನೋಡೋದಿಲ್ಲ. ಕೆಲಸಕ್ಕೆ ವಾಪಸ್ ಬಂದ ಮೇಲೂ ಮಗುವಿಗೆ 15 ತಿಂಗಳು ತುಂಬೋವರೆಗೆ ಹಾಲೂಡಿಸೋಕೆ ದಿನಕ್ಕೆ ಎರಡು ಬಿಡುವು ಸಿಗುತ್ತೆ, ಅತ್ತೆಯವರಿಗೆ ಈಗಲೇ ಹೇಳಿಟ್ಟಿರು, ಆ ಹೊತ್ತಿಗೆ ಮಗುನ ಅಂಗಡಿ ಹತ್ತಿರ ಕರ್ಕೊಂಡು ಬರಲಿ.